ಕಲ್ಲೇ ಇಲ್ಲದ ಊರಲ್ಲೊಂದು ಕಟ್ಟೆ

ಪ್ರೀತಿಯ ಗೆಳೆಯಾ,

ನೀನು ಮೆಸೇಜ್ ಕಳಿಸಿ ಮೂರು ವಾರ ಆಯಿತು. ಇವಳಿಗೆ ಸಿಟ್ಟು ಬಂದಿರಬೇಕು ಅಂದುಕೊಂಡಿರುತ್ತೀಯ. ಸಿಟ್ಟೇನೂ ಇಲ್ಲ. ನನ್ನ ಚಿತ್ರದ ಫೋಟೊ ನೋಡಿ ನೀನು ಕೇಳಿದ್ದು ಎರಡೇ ಮಾತು: "ಇದು ನಕಾಶೆನೋ ರಂಗೋಲಿನೋ? ನಮ್ಮ ಸಿಂಧನೂರು ಯಾವಾಗ ಬರೀತಿ?" ಉತ್ತರ ಬರೆಯಲು ಕೂತಾಗಲೆಲ್ಲ ಅದು ಉದ್ದ ಆಗುತ್ತಿತ್ತು, ಅಳಿಸಿಬಿಡುತ್ತಿದ್ದೆ. ಪತ್ರವೇ ಬರೆದರಾಯಿತು ಅಂತ ಈಗ ಕೂತಿದ್ದೇನೆ. ಶೀಗಿ ಹುಣ್ಣಿಮೆ ಮುಗಿದಿದೆ, ಶಾಲೆಗೂ ರಜೆ.

ಹುಣ್ಣಿಮೆಯಿಂದಲೇ ಶುರು ಮಾಡುತ್ತೇನೆ. ಅವತ್ತು ನಿಮ್ಮ ಸೋದರಮಾವನ ಮನೆಯವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಿದ್ದರು. ನಮ್ಮ ಬಂಗಾಳಿ ಕ್ಯಾಂಪಿನಲ್ಲಿ ಅದೇ ರಾತ್ರಿ ಕೊಜಾಗರಿ ಲಕ್ಷ್ಮಿ ಪೂಜೆ. 'ಕೋ ಜಾಗರ್ತಿ', ಯಾರು ಎಚ್ಚರ ಇದ್ದೀರಿ ಅಂತ ಲಕ್ಷ್ಮಿ ಮನೆಮನೆ ಬಾಗಿಲಲ್ಲಿ ಕೇಳುತ್ತಾ ಬರುತ್ತಾಳಂತೆ. ಅದಕ್ಕೇ ಯಾರೂ ಮಲಗುವ ಹಾಗಿಲ್ಲ. ಮರುದಿನ ನೀನು ಕಡಬು ತರುತ್ತಿದ್ದೆ, ನಾನು ನಾಡು ತರುತ್ತಿದ್ದೆ. ತೆಂಗಿನಕಾಯಿ ಬೆಲ್ಲದ ಉಂಡೆಗೆ ನಮ್ಮಲ್ಲಿ ನಾಡು ಅಂತಾರೆ. ಆರನೇ ಕ್ಲಾಸಿನಲ್ಲಿ ಮಾಸ್ತರು "ನಿಮ್ಮ ನಾಡು ಯಾವುದವಾ?" ಅಂತ ಕೇಳಿದಾಗ ನಾನು "ತೆಂಗಿನಕಾಯೀದು ಸಾರ್" ಅಂದುಬಿಟ್ಟಿದ್ದೆ, ನೆನಪಿದೆಯಾ? ಇಡೀ ಕ್ಲಾಸು ನಕ್ಕಿತ್ತು. ಎಲ್ಲರಿಗಿಂತ ಜೋರಾಗಿ ನೀನು.

ಆ ಪೂಜೆಗೆ ಮಾ, ಅಂದರೆ ಅಮ್ಮ, ನೆಲದ ಮೇಲೆ ಆಲ್ಪನಾ ಬರೆಯುತ್ತಾಳೆ. ಅದು ನಮ್ಮವರ ರಂಗೋಲಿ. ನೀನು ನೂರು ಸಲ ಅದನ್ನು ದಾಟಿ ನಮ್ಮ ಮನೆಯೊಳಗೆ ಬಂದಿದ್ದೀಯ, ಆದರೆ ಬರೆಯುವುದನ್ನು ನೋಡಿಲ್ಲ ಅನಿಸುತ್ತದೆ. ಅಕ್ಕಿ ನೆನೆಸಿ ನುಣ್ಣಗೆ ರುಬ್ಬಿ, ನೀರು ಸೇರಿಸಿ ಹಾಲಿನ ಹದಕ್ಕೆ ತರುತ್ತಾಳೆ. ಹಳೇ ಸೀರೆಯ ತುಂಡನ್ನು ಅದರಲ್ಲಿ ಅದ್ದಿ ಅಂಗೈಯಲ್ಲಿ ಹಿಡಿಯುತ್ತಾಳೆ. ಮೆಲ್ಲಗೆ ಹಿಂಡಿದರೆ ಉಂಗುರ ಬೆರಳಿನ ಗುಂಟ ಬಿಳಿ ಇಳಿಯುತ್ತದೆ. ಆ ಬೆರಳೇ ಕುಂಚ. ಲಕ್ಷ್ಮಿಯ ಪಾದ, ಭತ್ತದ ತೆನೆ, ಶಂಖ, ಬಳ್ಳಿ. ಒದ್ದೆ ಇದ್ದಾಗ ಸರಿಯಾಗಿ ಕಾಣುವುದಿಲ್ಲ. ಒಣಗುತ್ತಾ ಒಣಗುತ್ತಾ ಬಿಳಿ ಎದ್ದು ಬರುತ್ತದೆ. ನಮ್ಮ ಮನೆಯ ನೆಲ ಶಹಾಬಾದ್ ಕಲ್ಲಿನದು, ಆ ಬೂದು ಬಣ್ಣದ ಮೇಲೆ ಅದು ಇನ್ನೂ ಚೆಂದ.

ನಿಮ್ಮ ಅತ್ತೆ ಹಾಕುವ ರಂಗೋಲಿಗೆ ಚುಕ್ಕಿ ಇರುತ್ತಿತ್ತು. ಚುಕ್ಕಿ ಇಟ್ಟರೆ ಗೆರೆ ಎಲ್ಲಿಗೆ ಹೋಗಬೇಕು ಅಂತ ಮೊದಲೇ ಗೊತ್ತಾಗುತ್ತದೆ. ಆಲ್ಪನಾಕ್ಕೆ ಚುಕ್ಕಿಯಿಲ್ಲ. ಗೆರೆ ಹೊರಟ ಕಡೆ ಕೈ ಹೋಗಬೇಕು. ಮಾಗೆ ಎರಡೂ ಬರುತ್ತದೆ. ಬಾಗಿಲ ಹೊರಗೆ ಚುಕ್ಕಿ ರಂಗೋಲಿ, ಒಳಗೆ ಆಲ್ಪನಾ. ಯಾಕೆ ಮಾ ಅಂತ ಒಮ್ಮೆ ಕೇಳಿದ್ದೆ. "ಹೊರಗಿಂದು ಓಣಿಯವರಿಗೆ" ಅಂದಿದ್ದಳು.

ನಮ್ಮ ಕಥೆ ನಿನಗೆ ಗೊತ್ತು, ಆದರೆ ಇದನ್ನು ಬೇರೆಯವರೂ ಓದುತ್ತಾರೆ, ಹಾಗಾಗಿ ಚಿಕ್ಕದಾಗಿ ಹೇಳಿಬಿಡುತ್ತೇನೆ. 1964ರ ಜನವರಿಯಲ್ಲಿ ಆಗಿನ ಪೂರ್ವ ಪಾಕಿಸ್ತಾನದ ಖುಲ್ನಾ ಕಡೆ ಗಲಭೆ ಆಯಿತು. ಮಾಗೆ ಆಗ ಒಂಬತ್ತು ವರ್ಷ. ಇಛಾಮತಿ ನದಿ ದಾಟಿದ್ದು ರಾತ್ರಿ, ದೋಣಿಯಲ್ಲಿ. ಅಲ್ಲಿಂದ ರೈಲಿನಲ್ಲಿ ರಾಯಪುರದ ಹತ್ತಿರದ ಮಾನಾ ಕ್ಯಾಂಪು. ಟೆಂಟುಗಳಲ್ಲಿ ಕೆಲವು ವರ್ಷ. ಆಮೇಲೆ ಸರ್ಕಾರ ಇವರನ್ನೆಲ್ಲ ತಂದು ಸಿಂಧನೂರಿನ ಎರೆ ಭೂಮಿಯಲ್ಲಿ ಇಳಿಸಿತು. ಕೆಸರು, ಕೊಳ, ದೋಣಿ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಜನ. ಮೊದಲ ಬೇಸಿಗೆಗೆ ನೆಲ ಬಾಯಿ ಬಿಟ್ಟಾಗ ನಮ್ಮ ದೀದಿಮಾ, ಅಂದರೆ ಅಜ್ಜಿ, ಭೂಕಂಪ ಅಂತ ಮಕ್ಕಳನ್ನು ಎತ್ತಿಕೊಂಡು ಓಡಿದ್ದಳಂತೆ. ಎರೆಮಣ್ಣು ಬಿಸಿಲಿಗೆ ಬಿರಿಯುತ್ತದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಊರಿನ ಹೆಸರು? ಹೆಸರಿಲ್ಲ, ನಂಬರ್ ಇದೆ. ಆರ್.ಎಚ್. ಕ್ಯಾಂಪ್ ಒಂದು, ಎರಡು, ಮೂರು, ನಾಲ್ಕು ನಮ್ಮವು. ಐದನೇದರಲ್ಲಿ ಬರ್ಮಾದಿಂದ ಬಂದವರು. ಆರ್.ಎಚ್. ಅಂದರೆ ಪುನರ್ವಸತಿಯ ಇಂಗ್ಲಿಷ್ ಪದದ ಎರಡು ಅಕ್ಷರ ಅಂತ ನನಗೆ ಗೊತ್ತಾಗಿದ್ದೇ ಹೈಸ್ಕೂಲಿನಲ್ಲಿ. ಅಲ್ಲಿಯವರೆಗೆ ಅದು ಯಾವುದೋ ದೇವರ ಹೆಸರಿರಬೇಕು ಅಂದುಕೊಂಡಿದ್ದೆ.

ನಮ್ಮ ತಾಲ್ಲೂಕಿನಲ್ಲಿ ಕ್ಯಾಂಪ್ ಅಂದರೆ ಯಾರಿಗೂ ವಿಚಿತ್ರ ಅನಿಸುವುದಿಲ್ಲ, ಅದೊಂದು ಪುಣ್ಯ. 1953ರಲ್ಲಿ ತುಂಗಭದ್ರಾ ಡ್ಯಾಮು ಆಯಿತು. ಎಡದಂಡೆ ಕಾಲುವೆಯ ನೀರು ಹಿಡಿದುಕೊಂಡು ಆಂಧ್ರದಿಂದ ರೈತರು ಬಂದರು, ಗಂಗಾವತಿಯಿಂದ ಸಿಂಧನೂರಿನವರೆಗೆ ಅವರ ಕ್ಯಾಂಪುಗಳು ಎದ್ದವು. ಅವರು ದುಡ್ಡು ಕೊಟ್ಟು ಭೂಮಿ ಕೊಂಡು ಬಂದವರು, ನಮ್ಮನ್ನು ಲಾರಿಯಲ್ಲಿ ತಂದು ಇಳಿಸಿದ್ದು. ಅಷ್ಟು ವ್ಯತ್ಯಾಸ. ಕಾಲುವೆ ನೀರು ಹತ್ತದ ಕಡೆಯವರು ನೀವು. ನೀರು ಬಂದಲ್ಲಿಗೆ ಎಲ್ಲಿಂದಲೋ ಜನ ಬಂದರು, ನೀರು ಬರದ ನಿಮ್ಮಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋದರು. ನೀನು ಸೋದರಮಾವನ ಮನೆಯಲ್ಲಿ ಉಳಿದೆ. ಇಲ್ಲದಿದ್ದರೆ ನಾವಿಬ್ಬರೂ ಒಂದೇ ಬೆಂಚಿನ ಆಚೆ ಈಚೆ ಕೂರುತ್ತಲೇ ಇರಲಿಲ್ಲ.

ಎಂಟನೇ ಕ್ಲಾಸಿನಲ್ಲಿ ನಿಮ್ಮೂರ ಹತ್ತಿರದ ಮಸ್ಕಿಗೆ ಟ್ರಿಪ್ ಹೋಗಿದ್ದೆವಲ್ಲ. ಬಂಡೆ ಮುಂದೆ ನಿಂತು ಮಾಸ್ತರು ಹೇಳಿದ್ದರು, "ಬೇರೆ ಶಾಸನದಾಗೆಲ್ಲ ದೇವಾನಾಂಪ್ರಿಯ ಅಂತ ಇತ್ತು. ಆ ರಾಜನ ಹೆಸರು ಅಶೋಕ ಅಂತ ಗೊತ್ತಾಗಿದ್ದು 1915ರಾಗ, ಈ ಮಸ್ಕಿ ಬಂಡೆಯಿಂದ." ನೀನು ನಿನ್ನದೇ ಆಸ್ತಿ ಅನ್ನುವ ಹಾಗೆ ಎದೆ ಉಬ್ಬಿಸಿಕೊಂಡು ನಿಂತಿದ್ದೆ. ಸಾವಿರಾರು ವರ್ಷ ಹೆಸರು ಕಳೆದುಕೊಂಡಿದ್ದ ರಾಜನಿಗೇ ಇಲ್ಲಿ ಹೆಸರು ಸಿಕ್ಕಿದ ಮೇಲೆ, ನಮ್ಮ ಎರಡನೇ ಕ್ಯಾಂಪಿನ ಹೆಸರೂ ಯಾವುದಾದರೂ ಬಂಡೆ ಮೇಲೆ ಇರಬಹುದು ಅಂತ ನನಗೆ ಅನಿಸಿತ್ತು. ವಾಪಸ್ ಬರುವಾಗ ಬಸ್ಸಿನ ಕಿಟಕಿಯಿಂದ ಸಿಕ್ಕ ಸಿಕ್ಕ ಗುಂಡುಗಳನ್ನೆಲ್ಲ ನೋಡುತ್ತಾ ಬಂದೆ. ನಿನಗೆ ಹೇಳಿರಲಿಲ್ಲ. ಹೇಳಿದ್ದರೆ ಮತ್ತೆ ನಗುತ್ತಿದ್ದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ.

ಏಳು ವರ್ಷದ ಹಿಂದೆ, ಇದೇ ಹುಣ್ಣಿಮೆ ರಾತ್ರಿ, ಪೂಜೆ ಮುಗಿದಿತ್ತು. ನಿದ್ದೆ ಮಾಡುವ ಹಾಗಿಲ್ಲ, ಟಿವಿ ಕೆಟ್ಟಿತ್ತು. ಬಟ್ಟಲಲ್ಲಿ ಸ್ವಲ್ಪ ಅಕ್ಕಿಹಿಟ್ಟು ಉಳಿದಿತ್ತು. ನಾನು ಸುಮ್ನೆ ಕೇಳಿದೆ, "ಮಾ, ಅಲ್ಲಿ ನಿಮ್ಮ ಮನೆ ಹೇಗಿತ್ತು?" ಬಾಯಲ್ಲಿ ಹೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಬಟ್ಟೆಯನ್ನು ಬಟ್ಟಲಲ್ಲಿ ಅದ್ದಿ ಹಿತ್ತಲ ಕಲ್ಲಿನ ಮೇಲೆ ಬರೆಯತೊಡಗಿದಳು. ನಡುವೆ ಉಠಾನ್, ಅಂದರೆ ಅಂಗಳ. ಅದರ ನಾಲ್ಕು ಕಡೆ ನಾಲ್ಕು ಗುಡಿಸಲು, ಬೇರೆ ಬೇರೆ. ಒಂದರಲ್ಲಿ ಅಡುಗೆ, ಒಂದರಲ್ಲಿ ಅಜ್ಜ ಅಜ್ಜಿ, ಒಂದರಲ್ಲಿ ಇವರು, ಒಂದು ದನಕ್ಕೆ. ಹಿಂದೆ ಪುಕುರ್, ಅಂದರೆ ಕೊಳ. ಕೊಳದ ಆಚೆ ಅಡಿಕೆ ಮರಗಳು. ಬೆಳಿಗ್ಗೆ ಏಳುವಷ್ಟರಲ್ಲಿ ಇರುವೆಗಳು ಅರ್ಧ ಮನೆ ತಿಂದಿದ್ದವು.

ಮುಂದಿನ ವರ್ಷ ನಾನು ತಯಾರಾಗಿದ್ದೆ. ಅವಳು ಬರೆದಳು. ಒಣಗಿದ ಮೇಲೆ ಬಟರ್ ಪೇಪರ್ ಹಾಸಿ ಪೆನ್ಸಿಲಿನಲ್ಲಿ ತೆಗೆದುಕೊಂಡೆ. ಹೀಗೆ ವರ್ಷಕ್ಕೆ ಒಂದು, ಇಲ್ಲಿಯವರೆಗೆ ಆರು ಹಾಳೆ. ನೀನು ನೋಡಿದ ಚಿತ್ರ ಆ ಆರೂ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಬರೆದದ್ದು. ಅದಕ್ಕೇ ಅದರಲ್ಲಿ ಕೊಳ ಎರಡು ಕಡೆ ಇದೆ, ಬಾಗಿಲು ಮೂರು ಕಡೆ ಇದೆ. ಮೊದಲ ಹಾಳೆಯಲ್ಲಿ ಪಡುವಣಕ್ಕಿದ್ದ ಕೊಳ ನಾಲ್ಕನೆಯದರಲ್ಲಿ ತೆಂಕಣಕ್ಕೆ ಬಂದಿದೆ. ನಕಾಶೆ ಅಂದುಕೊಂಡು ನೀನು ಹೊರಟರೆ ಆ ಮನೆ ಮುಟ್ಟುವುದಿಲ್ಲ.

ಅಕ್ಕಿಹಿಟ್ಟನ್ನು ಕಾಗದದ ಮೇಲೆ ನಿಲ್ಲಿಸುವುದು ಒಂದು ದೊಡ್ಡ ಗೋಳು. ಒಣಗಿದ ಮೇಲೆ ಪಕಳೆ ಪಕಳೆಯಾಗಿ ಉದುರುತ್ತದೆ. ಫೆವಿಕಾಲ್ ಹಾಕಿ ನೋಡಿದೆ, ಬಿಳಿ ಸತ್ತುಹೋಯಿತು. ಕೊನೆಗೆ ದಾರಿ ಸಿಕ್ಕಿದ್ದು ಕೊಪ್ಪಳದ ಕಿನ್ನಾಳದಲ್ಲಿ. ಅಲ್ಲಿ ಚಿತ್ರಗಾರರು ಮರದ ಗೊಂಬೆ ಮಾಡುವಾಗ ಹುಣಸೆ ಬೀಜ ನೆನೆಸಿ ಅರೆದು ಅಂಟು ಮಾಡಿಕೊಳ್ಳುತ್ತಾರೆ. ಅದನ್ನು ಒಂದಿಷ್ಟು ಬೆರೆಸಿದೆ, ನಿಂತಿತು. ಗೊಂಬೆ ಮಾಡುವ ಒಬ್ಬ ಹಿರಿಯರು "ಎಲ್ಲಿಯವರವಾ ನೀವು?" ಅಂತ ಕೇಳಿದರು. ಹೇಳಿದೆ. "ನಾವೂ ಇಲ್ಲಿಯವರಲ್ಲ ಬಿಡವಾ, ಹಂಪಿ ಹಾಳಾದಾಗ ಬಂದೀವಂತ" ಅಂದರು. ಹಂಪಿ ಹಾಳಾದದ್ದು 1565ರಲ್ಲಿ! ಮೊನ್ನೆ ಮೊನ್ನೆ ಸಾಮಾನು ಇಳಿಸಿದವರ ಹಾಗೆ ಹೇಳಿದರು. ಮಾತು ಅಲ್ಲಿಗೆ ಬಿಟ್ಟು ನನಗೆ ಚಹಾ ತರಿಸಿದರು.

ಬೆಂಗಳೂರಿನ ಗ್ಯಾಲರಿಯ ವಿಷಯ ಫೋನಿನಲ್ಲಿ ಅರ್ಧ ಹೇಳಿದ್ದೆ. ಅಲ್ಲಿ ಚಿತ್ರ ಆರಿಸುತ್ತಿದ್ದವರು ನನ್ನ ಹಾಳೆಗಳನ್ನು ತಿರುಗಿಸಿ ನೋಡಿ, "ಚೆನ್ನಾಗಿದೆ, ಆದರೆ ನೋವು ಕಾಣಿಸ್ತಿಲ್ಲ. ಒಂದು ಮುಳ್ಳುತಂತಿ ಬೇಲಿ ಇದ್ದಿದ್ರೆ?" ಅಂದರು. ನನಗೆ ನಗು ತಡೆಯಲು ಆಗಲಿಲ್ಲ. ಮಾ ದಾಟುವಾಗ ಆ ಗಡಿಯಲ್ಲಿ ಬೇಲಿಯೇ ಇರಲಿಲ್ಲ ಕಣೋ. ಅದನ್ನು ಹಾಕಲು ಶುರು ಮಾಡಿದ್ದು 1980ರ ದಶಕದ ಕೊನೆಯಲ್ಲಿ. ಅವಳು ದಾಟಿದ್ದು ನೀರು. ಭಯ ಆಗಿದ್ದಕ್ಕಿಂತ ಹೆಚ್ಚಾಗಿ ಅವಳಿಗೆ ನೆನಪಿರುವುದು ದೋಣಿಯಲ್ಲಿ ಪಕ್ಕದವರ ಬಾತುಕೋಳಿ ಅವಳ ಕಾಲು ಕುಕ್ಕಿದ್ದು. ಊರು ಬಿಟ್ಟವರ ಚಿತ್ರ ಅಂದರೆ ತಂತಿ, ಸೂಟ್‌ಕೇಸು, ಹಾರುವ ಹಕ್ಕಿ. ನನಗೆ ಈ ಮೂರೂ ಸಾಕಾಗಿದೆ. ನಮ್ಮವರ ಹತ್ತಿರ ಸೂಟ್‌ಕೇಸ್ ಎಲ್ಲಿತ್ತು, ಗಂಟು ಇತ್ತು. ಅದರಲ್ಲಿ ಮಸಾಲೆ ಅರೆಯುವ ಶಿಲ್ ಕಲ್ಲೊಂದು ಇತ್ತಂತೆ. ಅಷ್ಟು ಭಾರ ಯಾಕೆ ಹೊತ್ತು ತಂದರು ಅಂತ ಕೇಳಿದ್ದಕ್ಕೆ ಮಾ, "ಅಲ್ಲಿ ಕಲ್ಲು ಸಿಗಲ್ಲ, ದುಡ್ಡು ಕೊಟ್ಟು ತರಿಸಿದ್ದು" ಅಂದಿದ್ದಳು. ಈ ಮಾತು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ನನಗೆ ಧೈರ್ಯ ಕೊಟ್ಟವಳು ಕಲಾವಿದೆ ಝರೀನಾ ಹಶ್ಮಿ. 1937ರಲ್ಲಿ ಅಲಿಗಢದಲ್ಲಿ ಹುಟ್ಟಿದವಳು. ಕಲಿತದ್ದು ಗಣಿತ. ದೇಶ ಒಡೆದ ಮೇಲೆ ಕೆಲವು ವರ್ಷಕ್ಕೆ ಮನೆಯವರು ಕರಾಚಿಗೆ ಹೋದರು. ಇವಳು ಊರೂರು ಸುತ್ತಿ, ಪ್ಯಾರಿಸ್ಸಿನಲ್ಲಿ ಅಚ್ಚು ಹಾಕುವುದು ಕಲಿತು, ಕೊನೆಗೆ ನ್ಯೂಯಾರ್ಕಿನಲ್ಲಿ ಜಾಸ್ತಿ ವರ್ಷ ಇದ್ದಳು. 2020ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡಳು. ಕಲಬುರಗಿಯಲ್ಲಿ ಚಿತ್ರಕಲೆ ಓದುವಾಗ ಲೈಬ್ರರಿಯ ಒಂದು ಪುಸ್ತಕದಲ್ಲಿ ಅವಳ ಅಚ್ಚುಗಳ ಫೋಟೊ ನೋಡಿದ್ದೆ. ಅಲಿಗಢದ ಅಪ್ಪನ ಮನೆಯ ನೆಲದ ಪ್ಲಾನ್. ಬರೀ ಗೋಡೆಯ ಗೆರೆ. ಜನ ಇಲ್ಲ, ಅಳು ಇಲ್ಲ. ಅಂಗಳ ಇಲ್ಲಿ, ಕೋಣೆ ಅಲ್ಲಿ, ಅಷ್ಟೇ. 1999ರಲ್ಲಿ ಮಾಡಿದ ಇನ್ನೊಂದು ಸರಣಿಯಲ್ಲಿ 36 ಮರದ ಅಚ್ಚುಗಳು, ಒಂದೊಂದಕ್ಕೂ ಒಂದು ಉರ್ದು ಪದ. ಆ ಪ್ಲಾನ್ ನೋಡಿ ನನಗೆ ನಮ್ಮ ಹಿತ್ತಲ ಕಲ್ಲಿನ ನೆನಪು ಬರಲಿಲ್ಲ, ಯಾಕೆಂದರೆ ಮಾ ಆಗ ಇನ್ನೂ ಬರೆದೇ ಇರಲಿಲ್ಲ. ಮಾ ಬರೆದ ರಾತ್ರಿ ಝರೀನಾ ನೆನಪಾದಳು.

ಆದರೆ ಒಂದು ವ್ಯತ್ಯಾಸ ಇದೆ, ಅದರಲ್ಲೇ ನಾನು ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡಿದ್ದೆ. ಝರೀನಾ ಬರೆದ ಮನೆ ಅವಳು ಬೆಳೆದ ಮನೆ. ನಾನು ಖುಲ್ನಾ ನೋಡಿಲ್ಲ. ಕೊಳದಲ್ಲಿ ಈಜಿಲ್ಲ. ನನ್ನ ಈಜು ಎಲ್ಲ ಉಪಕಾಲುವೆಯಲ್ಲಿ, ನೀನೇ ದೂಡಿದ್ದೆ. ನೋಡದ ಮನೆಯನ್ನು ನನ್ನದು ಅಂತ ಬರೆದರೆ ಕಳ್ಳತನ ಅಲ್ವಾ? ಇದೇ ಕಾರಣಕ್ಕೆ ಎರಡು ವರ್ಷ ಹಾಳೆಗಳನ್ನು ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟಿದ್ದೆ. ಮಕ್ಕಳಿಗೆ ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗೆ ಕಲಿಸುವುದು, ಮನೆಗೆ ಬರುವುದು. ಹೂಕುಂಡ, ಕೊಡ, ಮಡಿಕೆ.

2024ರಲ್ಲಿ ಹೊಸ ಕಾಯ್ದೆಯಡಿ ನಮ್ಮ ಕ್ಯಾಂಪುಗಳ ಐದು ಜನಕ್ಕೆ ಪೌರತ್ವದ ಸರ್ಟಿಫಿಕೇಟ್ ಬಂತಲ್ಲ, ಆಗ ಓಣಿಯಲ್ಲೆಲ್ಲ ಅದೇ ಮಾತು. ಮಾಗೆ ಅದರ ಅಗತ್ಯ ಇಲ್ಲ, ಹಳೇ ಕಾಗದ ಇದೆ. ಆದರೂ ಅರ್ಜಿಗೆ ಏನು ಕೇಳುತ್ತಾರೆ ಅಂತ ಅವಳಿಗೆ ಕುತೂಹಲ. ಅಲ್ಲಿಯವರು ಅನ್ನುವುದಕ್ಕೆ ಅಲ್ಲಿಯದೇ ಒಂದು ದಾಖಲೆ ಬೇಕು ಅಂತ ಯಾರೋ ಹೇಳಿದರು. ಮಾ ನನ್ನ ಕಡೆ ತಿರುಗಿ, "ನಿನ್ನ ಪೆಟ್ಟಿಗೆಯಲ್ಲಿ ಇದೆಯಲ್ಲ, ಕೊಡು" ಅಂದಳು. ಅವಳಿಗೆ ಅದು ತಮಾಷೆ. ಆದರೆ ನಾನು ಅವತ್ತೇ ಪೆಟ್ಟಿಗೆ ತೆಗೆದೆ.

ಕಿಟಕಿ ಗಾಜಿಗೆ ಹಾಳೆಗಳನ್ನು ಹಚ್ಚಿ ಬೆಳಕಿನಲ್ಲಿ ನೋಡುವಾಗ ಸಿಕ್ಕಿತು. ಕೊನೆಯ ಎರಡು ಹಾಳೆಗಳಲ್ಲಿ ಅಂಗಳದ ಮೂಲೆಗೆ ಒಂದು ಚೌಕ ಇದೆ, ಚೌಕದೊಳಗೆ ಒಂದು ಮರ. ಮೊದಲಿನ ಯಾವುದರಲ್ಲೂ ಇಲ್ಲ. ಈ ಸಲ ಹುಣ್ಣಿಮೆಗೆ ಕಾದೆ. ಅವಳು ಮತ್ತೆ ಬರೆದಳು. ಅಂಗಳ ಆಯಿತು, ಅಡುಗೆ ಗುಡಿಸಲು ಆಯಿತು, ಬೆರಳು ಮೂಲೆಗೆ ಬಂತು. ಮತ್ತೆ ಅದೇ ಚೌಕ.

"ಇದೇನು ಮಾ?"

"ಏಖಾನೇ ಕಟ್ಟೆ ಛಿಲೋ" ಅಂದಳು. ಇಲ್ಲಿ ಕಟ್ಟೆ ಇತ್ತು. ಬೇವಿನ ಮರದ ಸುತ್ತ ಕಲ್ಲಿನ ಕಟ್ಟೆ, ಸಂಜೆ ಅಜ್ಜ ಅಲ್ಲೇ ಕೂತು ಬೀಡಿ ಸೇದುತ್ತಿದ್ದ ಅಂದಳು. ಉಳಿದ ಮಾತೆಲ್ಲ ಬಂಗಾಳಿ. ಕಟ್ಟೆ ಮಾತ್ರ ಕನ್ನಡ.

ನದಿಗಳು ತಂದು ಹಾಕಿದ ಮೆಕ್ಕಲು ಮಣ್ಣಿನ ನಾಡು ಅದು. ಅರೆಯುವ ಕಲ್ಲನ್ನೇ ದುಡ್ಡು ಕೊಟ್ಟು ತರಿಸಿದವರು. ಅಲ್ಲಿ ಕಲ್ಲಿನ ಕಟ್ಟೆ ಎಲ್ಲಿಂದ ಬರಬೇಕು? ಅದು ನಮ್ಮ ಕ್ಯಾಂಪಿನ ಕಟ್ಟೆ. ಬಸ್ ಸ್ಟಾಪಿನ ಹತ್ತಿರದ್ದು. ನೀನು ಸೈಕಲ್ ಒರಗಿಸಿ ನಿಲ್ಲುತ್ತಿದ್ದೆಯಲ್ಲ, ಅದೇ. ಅಜ್ಜ ಇಲ್ಲಿಗೆ ಬಂದ ಮೇಲೆ ಸಾಯುವವರೆಗೂ ಸಂಜೆ ಅಲ್ಲೇ ಕೂರುತ್ತಿದ್ದ. ಐವತ್ತು ವರ್ಷದಲ್ಲಿ ಸಿಂಧನೂರಿನ ಆ ಕಟ್ಟೆ ಮೆಲ್ಲಗೆ ಎದ್ದು, ನದಿ ದಾಟಿ, ಖುಲ್ನಾದ ಅಂಗಳದಲ್ಲಿ ಹೋಗಿ ಕೂತುಬಿಟ್ಟಿದೆ. ಊರು ಬಿಟ್ಟವರು ಹಳೇ ಊರನ್ನು ಹೊಸ ಊರಿಗೆ ಹೊತ್ತು ತರುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ಹೊಸ ಊರು ಹೋಗಿ ಹಳೇ ಊರನ್ನು ಹೊಕ್ಕುವುದನ್ನು ನಾನು ನೋಡಿದ್ದು ಅವತ್ತೇ.

ಸಿಂಧನೂರು ಯಾವಾಗ ಬರೀತಿ ಅಂತ ಕೇಳಿದೆಯಲ್ಲ. ನೀನು ನೋಡಿದ ಆ ಫೋಟೊ ದೊಡ್ಡದು ಮಾಡಿ ನೋಡು. ಬಲಗಡೆ, ಅಂಗಳದ ಮೂಲೆ. ಅಲ್ಲಿದೆ.

ನಾನು ಅವಳನ್ನು ತಿದ್ದಲಿಲ್ಲ. ತಿದ್ದಬೇಕಿತ್ತಾ? ಒಂದು ರಾತ್ರಿ ಇಡೀ ಅದೇ ಯೋಚನೆ. ಇವತ್ತು ಕಟ್ಟೆ, ನಾಳೆ ಕಾಲುವೆ, ನಾಡಿದ್ದು ಶಹಾಬಾದ್ ಕಲ್ಲಿನ ನೆಲ. ಹೀಗೇ ಹೋದರೆ ಒಂದು ದಿನ ಖುಲ್ನಾದ ಮನೆ ಪೂರಾ ಎರಡನೇ ಕ್ಯಾಂಪು ಆಗಿಬಿಡುತ್ತದೆ. ಆಗ ಆ ಮನೆ ಇನ್ನು ಯಾರ ಹತ್ತಿರವೂ ಇರುವುದಿಲ್ಲ. ಅದಕ್ಕೆ ನನಗೆ ಹೆದರಿಕೆ ಇದೆ, ಸುಳ್ಳು ಹೇಳುವುದಿಲ್ಲ. ಮಾಗೆ ಈಗ ಎಪ್ಪತ್ತು. ಆದರೆ ಆ ಚೌಕ ನೋಡಿದಾಗಿನಿಂದ ಹಾಳೆ ಮುಟ್ಟಲು ನನಗೆ ಸಂಕೋಚ ಆಗುತ್ತಿಲ್ಲ. ಆ ಕಟ್ಟೆ ನನಗೂ ಗೊತ್ತು. ಅದರ ಒಂದು ಕಲ್ಲು ಅಲ್ಲಾಡುತ್ತದೆ ಅಂತಲೂ ಗೊತ್ತು.

ನಳಿನಿ ಮಲಾನಿ ಅಂತ ಇನ್ನೊಬ್ಬ ಕಲಾವಿದೆ ಇದ್ದಾರೆ. ಅವರು ಹುಟ್ಟಿದ್ದು ಕರಾಚಿಯಲ್ಲಿ, 1946ರಲ್ಲಿ. 1992ರಲ್ಲಿ ಮುಂಬೈಯ ಗ್ಯಾಲರಿಯೊಂದರ ಗೋಡೆ ಮೇಲೆಯೇ ಚಿತ್ರ ಬರೆದರು, ಪ್ರದರ್ಶನ ಮುಗಿದ ಮೇಲೆ ಅಳಿಸಿಬಿಟ್ಟರು. ಮಾಗೆ ಈ ಕಥೆ ಹೇಳಿದೆ. ಅವಳಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ. "ಮತ್ತೆ? ಮುಂದಿನ ವರ್ಷ ಎಲ್ಲಿ ಬರೀಬೇಕು ಅವಳು?" ಅಂದಳು. ಪ್ರತಿ ಫೆಬ್ರವರಿ 21ಕ್ಕೆ ಢಾಕಾದಲ್ಲಿ ಚಿತ್ರಕಲೆಯ ಹುಡುಗ ಹುಡುಗಿಯರು ಭಾಷೆಗಾಗಿ ಸತ್ತವರ ಸ್ಮಾರಕ ಶಹೀದ್ ಮಿನಾರಿನ ಮುಂದಿನ ರಸ್ತೆ ತುಂಬ ಆಲ್ಪನಾ ಬರೆಯುವ ವಿಡಿಯೊ ತೋರಿಸಿದೆ. ಅದನ್ನು ಮಾತ್ರ ಎರಡು ಸಲ ನೋಡಿದಳು. "ಪೇಂಟು" ಅಂತ ಮೂಗು ಮುರಿದಳು.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ನಿಮ್ಮೂರ ಮನೆ ಬಿದ್ದುಹೋಗಿದೆ ಅಂತ ಹೋದ ವರ್ಷ ಹೇಳಿದ್ದೆ. ನೀನು ಅದರೊಳಗೆ ಎಷ್ಟು ವರ್ಷ ಇದ್ದೆ? ಏಳೋ ಎಂಟೋ. ಭಾನುವಾರ ನಿನ್ನ ಬೆಂಗಳೂರಿನ ಮನೆಯ ಟೆರೇಸಿನ ಮೇಲೆ ಅದನ್ನು ಬರೆ. ಕಡ್ಡಿಪೆಟ್ಟಿಗೆಯಷ್ಟು ಅಲ್ಲ, ದೊಡ್ಡದಾಗಿ, ಒಳಗೆ ನಡೆದಾಡುವ ಹಾಗೆ. ಹಿಟ್ಟು ಯಾವುದಾದರೂ ನಡೆಯುತ್ತದೆ. ಪಡಸಾಲೆ, ದನ ಕಟ್ಟುವ ಜಾಗ, ಒಲೆ, ಹಗೇವು, ಎಲ್ಲ. ನಿಮ್ಮವ್ವನನ್ನು ಕೇಳಬೇಡ. ಕೇಳಿದರೆ ಅವರ ಮನೆ ಬರುತ್ತದೆ. ಬರೆದ ಮೇಲೆ ಅವರನ್ನು ಮೇಲೆ ಕರೆದು ತೋರಿಸು, ಎಲ್ಲಿ ತಪ್ಪಿದೆ ಅಂತ ಬೈಯುತ್ತಾರೆ, ಅದನ್ನೂ ಬರೆದುಕೋ. ಫೋಟೊ ಕಳಿಸು.

ಸಿಂಧನೂರಿಗೆ ರೈಲು ಬಂದಮೇಲೂ ನೀನು ಬಸ್ಸಿಗೇ ಜೋತು ಬಿದ್ದಿದ್ದೀಯ. ಸಂಕ್ರಾಂತಿಗಾದರೂ ಬಾ. ನಮ್ಮ ಅಣ್ಣ ನಾಳೆ ಬೆಂಗಳೂರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಸ್ಟೀಲ್ ಡಬ್ಬಿ ಕಳಿಸುತ್ತಿದ್ದೇನೆ. ನಾಡು ಇದೆ. ಮಾ ಈ ಸಲ ಎಳ್ಳು ಹಾಕಿದ್ದಾಳೆ, ನಿಮ್ಮತ್ತೆ ಕಲಿಸಿದ್ದಂತೆ. ಡಬ್ಬಿ ಮರೆಯದೆ ವಾಪಸ್ ಕೊಡು, ಹೋದ ಸಲದ್ದೇ ಇನ್ನೂ ಬಂದಿಲ್ಲ.

ನಿನ್ನ,
ಎರಡನೇ ಕ್ಯಾಂಪಿನ ಗೆಳತಿ